ಸಹಾಯ ಬೇಕು: ಜೀನ್‌ಗಳ ಕ್ರಮ ಹೋಲಿಸುವಾಗ ಹರ್ಡಲ್ ಎಣಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎರಡು ಬ್ಯಾಕ್ಟೀರಿಯಾಗಳ ಜೀನೋಮ್ ಹೋಲಿಸಲು ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಜೀನ್‌ಗಳು ಯಾವ ಕ್ರಮದಲ್ಲಿ, ಯಾವ ದಿಕ್ಕಿಗೆ ಇವೆ ಅನ್ನುವುದನ್ನಷ್ಟೇ ನೋಡುವುದು. ಒಂದು ತುಂಡು ತಿರುಗಿ ಕೂತರೆ ಕ್ರಮವೂ ಉಲ್ಟಾ, ದಿಕ್ಕು ತೋರಿಸುವ + ಅಥವಾ − ಚಿಹ್ನೆಯೂ ಉಲ್ಟಾ. ಒಂದರ ಕ್ರಮವನ್ನು ಇನ್ನೊಂದರದ್ದಾಗಿಸಲು ಅಂಥ ತಿರುವು ಕನಿಷ್ಠ ಎಷ್ಟು ಬೇಕು ಅನ್ನುವುದೇ ಲೆಕ್ಕ.

ಸಂಶೋಧಕರಾದ ಹನ್ನೆನಹಳ್ಳಿ ಮತ್ತು ಪೆವ್ಜ್ನರ್ 1995ರಲ್ಲಿ ಕೊಟ್ಟ ವಿಧಾನ ಹಿಡಿದಿದ್ದೇನೆ. ಬ್ರೇಕ್‌ಪಾಯಿಂಟ್ ಗ್ರಾಫ್ (ಎರಡೂ ಕ್ರಮಗಳಲ್ಲಿ ಅಕ್ಕಪಕ್ಕ ಬರುವ ಜೀನ್ ತುದಿಗಳನ್ನು ಗೆರೆಯಿಂದ ಜೋಡಿಸಿದ ಚಿತ್ರ), ಅದರಲ್ಲಿನ ಸೈಕಲ್ ಅಂದರೆ ಮುಚ್ಚಿದ ಸುತ್ತುಗಳ ಎಣಿಕೆ ಎಲ್ಲ ಸರಿ ಬರುತ್ತಿದೆ. ಸಿಕ್ಕಿಕೊಂಡಿರುವುದು ಹರ್ಡಲ್‌ನಲ್ಲಿ, ಅಂದರೆ ಸೈಕಲ್ ಲೆಕ್ಕಕ್ಕಿಂತ ಹೆಚ್ಚು ತಿರುವು ಬೇಡುವ ತೊಡಕಿನ ಭಾಗದಲ್ಲಿ. +3 +2 +1 ತಗೊಳ್ಳಿ, ಅದನ್ನು +1 +2 +3 ಮಾಡಬೇಕು. ಒಟ್ಟು ಜೀನ್ 3, ಅದಕ್ಕೆ 1 ಸೇರಿಸಿದರೆ 4, ಸೈಕಲ್ 2 ಕಳೆದರೆ ಉತ್ತರ 2. ಆದರೆ ಕೈಯಲ್ಲಿ ಮಾಡಿದರೆ 3 ತಿರುವು ಬೇಕು: −2 −3 +1, ಆಮೇಲೆ −2 −1 +3, ಆಮೇಲೆ +1 +2 +3. ಆ ಒಂದು ಜಾಸ್ತಿ ಬಂದಿದ್ದು ಹರ್ಡಲ್‌ನಿಂದ. ಇಲ್ಲಿ ಕಣ್ಣಿಗೇ ಕಾಣುತ್ತದೆ. ನೂರಾರು ಜೀನ್ ಇದ್ದಾಗ ಅದನ್ನು ಕೋಡ್‌ನಲ್ಲಿ ಹಿಡಿಯುವ ಸರಳ ದಾರಿ ಇದೆಯಾ?

ಹರ್ಡಲ್ ಗೊಡವೆಯೇ ಇಲ್ಲದ ಡಬಲ್ ಕಟ್ ಅಂಡ್ ಜಾಯಿನ್ (ಎರಡು ಕಡೆ ಕತ್ತರಿಸಿ ತುದಿಗಳನ್ನು ಬೇರೆ ರೀತಿ ಜೋಡಿಸುವ ಲೆಕ್ಕ) ಗೊತ್ತು. ಅದು ಇದಕ್ಕೇ 2 ಅನ್ನುತ್ತದೆ, ಯಾಕಂದ್ರೆ ತುಂಡೊಂದು ಉಂಗುರವಾಗಿ ಹೊರಬಂದು ಮತ್ತೆ ಸೇರಬಹುದು. ನನಗೆ ಬರೀ ತಿರುವಿನ ಲೆಕ್ಕ ಸಾಕು.

ಇನ್ನೊಂದು ಪ್ರಶ್ನೆ. ಒಂದೇ ಜೀನ್ ಎರಡು ಕಡೆ ಇದ್ದರೆ ನೀವು ಬಿಟ್ಟುಬಿಡ್ತೀರಾ, ಅಥವಾ ಒಂದನ್ನು ಆರಿಸ್ತೀರಾ? ಸುಮ್ನೆ ಬಿಟ್ಟರೆ ಡೇಟಾ ತೀರಾ ಕಮ್ಮಿಯಾಗುತ್ತದೆ, ಅಲ್ವಾ? ಯಾರಾದರೂ ನೋಡ್ತೀನಿ ಅಂದರೆ ಕೋಡ್ ಕಳಿಸುತ್ತೇನೆ.