ಒಂದೇ ಒಂದು ಕೋಟಿ, ನಾಲ್ಕು ತೆರಿಗೆ: ಶ್ರೀಮಂತರು ಕಟ್ಟಬೇಕಾದ ಪಾಲು ಎಲ್ಲಿ ತಪ್ಪಿಹೋಗುತ್ತದೆ?

ಗದ್ದೆಬದು (ಪ್ರಶ್ನೆ)

"ಶ್ರೀಮಂತರು ತೆರಿಗೆ ಕಟ್ಟಲ್ಲ" ಅಂತ ಒಂದು ಗುಂಪು, "ದೇಶ ನಡೀತಿರೋದೇ ನಮ್ಮ ತೆರಿಗೆಯಿಂದ" ಅಂತ ಇನ್ನೊಂದು ಗುಂಪು. ಲೆಕ್ಕ ಮಾತ್ರ ಯಾರೂ ತೋರಿಸಲ್ಲ. ಅದಕ್ಕೇ ನೇರವಾಗಿ ಕೇಳ್ತೀನಿ.

ನಾಲ್ಕು ಜನ ಅಂದುಕೊಳ್ಳಿ. 2025-26ರಲ್ಲಿ ಎಲ್ಲರಿಗೂ ಖರ್ಚು ಕಳೆದು ತಲಾ ಒಂದು ಕೋಟಿ ಆದಾಯ, ಬೇರೆ ಏನೂ ಇಲ್ಲ. ಒಬ್ಬರಿಗೆ ಬೆಂಗಳೂರಿನ ಕಂಪನಿಯ ಸಂಬಳ. ಇನ್ನೊಬ್ಬರಿಗೆ ಹಳೇ ಷೇರು ಮಾರಿದ ಲಾಭ. ಮೂರನೆಯವರು ಚಿಕ್ಕಮಗಳೂರಲ್ಲಿ ಕಾಫಿ ಬೆಳೆದು, ಕ್ಯೂರಿಂಗ್ (ಒಣ ಕಾಫಿಯ ಸಿಪ್ಪೆ ಬಿಡಿಸಿ ಗ್ರೇಡ್ ಮಾಡೋದು) ಮಾಡಿಸಿ ಮಾರುವವರು. ನಾಲ್ಕನೆಯವರು ಅಡಿಕೆ ಬೆಳೆಗಾರರು. ಎಲ್ಲರೂ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲೇ ಇದ್ದಾರೆ. ಯಾರು ಎಷ್ಟು ಕಟ್ಟಬೇಕು?

ಜೊತೆಗೆ ಇನ್ನೆರಡು: ಕಾಫಿಗೆ "25%" ಅಂತಾರಲ್ಲ, ಅದು ದರವಾ ಅಥವಾ ಪಾಲಾ? ಸಂಪತ್ತು ತೆರಿಗೆ ವಾಪಸ್ ತಂದರೆ ಈ ಅಂತರ ಮುಚ್ಚುತ್ತಾ?

ಜಮಾಖರ್ಚು (ಉತ್ತರ)

ಮೊದಲು ಉತ್ತರ, ಆಮೇಲೆ ದಾರಿ.

ಸಂಬಳ: ₹29,25,780
ಷೇರು: ಸುಮಾರು ₹13.55 ಲಕ್ಷ
ಕಾಫಿ: ₹6,55,200
ಅಡಿಕೆ: ಸೊನ್ನೆ

ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಆಮೇಲಿನ ಒಂದೊಂದು 4 ಲಕ್ಷಕ್ಕೆ ಶೇಕಡಾ 5, 10, 15, 20, 25. 24 ಲಕ್ಷ ದಾಟಿದ್ದಕ್ಕೆಲ್ಲ 30. ಹೀಗಾಗಿ 24 ಲಕ್ಷದವರೆಗಿನ ತೆರಿಗೆ ಸರಿಯಾಗಿ 3 ಲಕ್ಷ. ಇದೊಂದು ನೆನಪಿದ್ದರೆ ದೊಡ್ಡ ಮೊತ್ತಗಳ ಲೆಕ್ಕ ಬಾಯಲ್ಲೇ ಆಗುತ್ತದೆ.

ಸಂಬಳದವರಿಗೆ 75,000 ಸ್ಟಾಂಡರ್ಡ್ ಡಿಡಕ್ಷನ್ ಹೋಗಿ ಉಳಿಯೋದು 99.25 ಲಕ್ಷ. 3 ಲಕ್ಷಕ್ಕೆ 75.25 ಲಕ್ಷದ 30% ಸೇರಿಸಿ: 25,57,500. ಆದಾಯ 50 ಲಕ್ಷ ದಾಟಿರೋದರಿಂದ ತೆರಿಗೆಯ ಮೇಲೆ 10% ಸರ್‌ಚಾರ್ಜ್, ಆ ಮೊತ್ತದ ಮೇಲೆ 4% ಸೆಸ್.

ಷೇರಿನವರು 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಷೇರುಪೇಟೆಯಲ್ಲೇ ಮಾರಿದ್ದರೆ ದರ 12.5%. ಮೊದಲ 1.25 ಲಕ್ಷ ಲಾಭಕ್ಕೆ ತೆರಿಗೆ ಇಲ್ಲ. ಬೇರೆ ಆದಾಯ ಇಲ್ಲದ್ದರಿಂದ ಬಳಕೆಯಾಗದ 4 ಲಕ್ಷದ ಮೂಲ ವಿನಾಯಿತಿಯನ್ನೂ ಇಲ್ಲೇ ಕಳೀಬಹುದು, ಭಾರತದ ನಿವಾಸಿ ಆಗಿದ್ದರೆ ಮಾತ್ರ. ಉಳಿದ 94.75 ಲಕ್ಷಕ್ಕೆ 12.5%, ಅದರ ಮೇಲೆ ಅದೇ ಸರ್‌ಚಾರ್ಜ್, ಸೆಸ್.

ಮೊತ್ತ ಬೆಳೆದ ಹಾಗೆ ಅಂತರವೂ ಬೆಳೆಯುತ್ತದೆ. ಸಂಬಳ 2 ಕೋಟಿ ದಾಟಿದರೆ ಸರ್‌ಚಾರ್ಜ್ 25%, ಅಂದರೆ ಕೊನೆಯ ರೂಪಾಯಿ ಮೇಲೆ 30 × 1.25 × 1.04 = 39%. ಬಂಡವಾಳ ಲಾಭಕ್ಕೆ ಸರ್‌ಚಾರ್ಜ್ 15% ಮೀರುವ ಹಾಗಿಲ್ಲ. ಲಾಭ ಹತ್ತು ಕೋಟಿ ಆಗಲಿ ನೂರು ಕೋಟಿ ಆಗಲಿ, 12.5 × 1.15 × 1.04 = 14.95%, ಅದರ ಮೇಲಿಲ್ಲ. ನಮ್ಮಲ್ಲಿ ಜಗಳವೆಲ್ಲ ದರದ ಮೇಲೆ ನಡೆಯುತ್ತೆ. ನಿಜವಾಗಿ ತೆರಿಗೆ ತೀರ್ಮಾನ ಆಗೋದು ಹಣ ಯಾವ ಹೆಸರಲ್ಲಿ ಬಂತು ಅನ್ನೋದರ ಮೇಲೆ.

ಷೇರಿನವರ ಪರವಾಗಿ ಒಂದು ವಾದ ಇದೆ: ಕಂಪನಿ ತನ್ನ ಲಾಭಕ್ಕೆ ಆಗಲೇ 25.17% ಕಟ್ಟಿದೆ, ಉಳಿದದ್ದರ ಮೇಲೆ ಮತ್ತೆ ಯಾಕೆ ಅಂತ. ಕಂಪನಿ ಹಂಚದೆ ಉಳಿಸಿಕೊಂಡ ಲಾಭದಿಂದ ಬೆಲೆ ಏರಿದ್ದರೆ ಒಪ್ಪೋಣ. ನಾಳೆ ಲಾಭ ಬರುತ್ತೆ ಅನ್ನೋ ನಿರೀಕ್ಷೆಗೇ ಏರಿದ ಬೆಲೆಗೆ ಈ ವಾದ ನಿಲ್ಲಲ್ಲ.

ಕಣದ ಕಾಫಿ

25% ದರ ಅಲ್ಲ, ಪಾಲು. ಆದಾಯ ತೆರಿಗೆ ನಿಯಮ 7ಬಿ ಪ್ರಕಾರ ತಾನೇ ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಲಾಭದಲ್ಲಿ 25% ವ್ಯಾಪಾರದ ಆದಾಯ, 75% ಕೃಷಿ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ, ಚಿಕೋರಿ ಸೇರಿಸಿದರೂ ಬಿಟ್ಟರೂ, 40% ವ್ಯಾಪಾರದ್ದು. ರಬ್ಬರಿಗೆ 35%, ಚಹಾಕ್ಕೆ 40%.

ಕ್ಯೂರಿಂಗ್ ಅಂದರೆ ಏನು ಅನ್ನೋದಕ್ಕೆ 1942ರ ಕಾಫಿ ಕಾಯ್ದೆಯ ಅರ್ಥವನ್ನೇ ಹಿಡೀಬೇಕು: ಮಾರಾಟಕ್ಕೆ ಸಿದ್ಧ ಮಾಡಲು ಹಸಿ ಕಾಫಿಗೆ ಮಾಡುವ ಯಂತ್ರದ ಕೆಲಸ, ಪಲ್ಪಿಂಗ್ (ಹಣ್ಣಿನ ಸಿಪ್ಪೆ, ತಿರುಳು ತೆಗೆಯೋದು) ಬಿಟ್ಟು. ಹಣ್ಣನ್ನು ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿ ಒಳಸಿಪ್ಪೆ ಉಳಿದ ಪಾರ್ಚ್‌ಮೆಂಟ್ ಮಾಡಿ ಮಾರಿದರೆ ಅದು ಕ್ಯೂರಿಂಗ್ ಅಲ್ಲ. ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾರಿದರೂ ಅಲ್ಲ. ಆಗ ಪೂರ್ತಿ ಕೃಷಿ ಆದಾಯ, ಅಡಿಕೆಯವರ ಥರ ಸೊನ್ನೆ. ಅದೇ ಮೂಟೆ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ, ಸಿಪ್ಪೆ ಬಿಡಿಸಿ, ಗ್ರೇಡ್ ಆಗಿ, ಬೆಳೆಗಾರರ ಹೆಸರಲ್ಲೇ ಮಾರಾಟವಾದರೆ 7ಬಿ ಹತ್ತಿತು.

ಇನ್ನು 6,55,200 ಬಂದ ಬಗೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಕೃಷಿ ಆದಾಯ 5,000 ದಾಟಿ, ಬೇರೆ ಆದಾಯ ಮೂಲ ವಿನಾಯಿತಿಯನ್ನೂ ದಾಟಿದ್ದರೆ, ದರ ಗೊತ್ತುಮಾಡೋಕೆ ಎರಡನ್ನೂ ಕೂಡಿಸಬೇಕು.

ಒಂದು, 25 + 75 = 100 ಲಕ್ಷಕ್ಕೆ ತೆರಿಗೆ: 25,80,000.
ಎರಡು, ಕೃಷಿಯ 75 ಲಕ್ಷಕ್ಕೆ ಮೂಲ ವಿನಾಯಿತಿಯ 4 ಲಕ್ಷ ಸೇರಿಸಿ, 79 ಲಕ್ಷಕ್ಕೆ ತೆರಿಗೆ: 19,50,000.
ಮೂರು, ಒಂದರಿಂದ ಎರಡನ್ನು ಕಳೆದರೆ 6,30,000. ಸೆಸ್ 25,200.

6.3 ಲಕ್ಷ ಅಂದರೆ 21 ಲಕ್ಷದ ಸರಿಯಾಗಿ 30%. ಕೆಳಗಿನ 5, 10, 15ರ ಮೆಟ್ಟಿಲುಗಳನ್ನೆಲ್ಲ ಕೃಷಿ ಆದಾಯವೇ ತುಂಬಿಕೊಂಡಿತು, ವ್ಯಾಪಾರದ ಪಾಲು ನೇರ ಮೇಲಿನ ಮೆಟ್ಟಿಲಲ್ಲಿ ಕೂತಿತು. ಸರ್‌ಚಾರ್ಜ್ ಯಾಕಿಲ್ಲ ಅಂದರೆ, ಅದಕ್ಕೆ ನೋಡೋದು ಒಟ್ಟು ಆದಾಯ. ಕೃಷಿಯ 75 ಲಕ್ಷ ಆ ಒಟ್ಟಿನಲ್ಲಿ ಬರೋದೇ ಇಲ್ಲ.

ಸಾಮಾನ್ಯವಾಗಿ ಎರಡು ಕಡೆ ತಪ್ಪಾಗುತ್ತದೆ. 25% ವ್ಯಾಪಾರದ ಆದಾಯ ಅಂದ ಮೇಲೆ ಐಟಿಆರ್-3 ನಮೂನೆಯ ರಿಟರ್ನ್ ಹಾಕಬೇಕು. ಎಷ್ಟೋ ಜನ ಐಟಿಆರ್-2ರಲ್ಲಿ ಎಲ್ಲವನ್ನೂ "ಕೃಷಿ" ಅಂತ ತುಂಬಿ ಕೈತೊಳೆದುಕೊಳ್ಳುತ್ತಾರೆ. ಎರಡನೆಯದು ಅಡ್ವಾನ್ಸ್ ಟ್ಯಾಕ್ಸ್ (ವರ್ಷ ಮುಗಿಯೋ ಮೊದಲೇ ಕಂತಿನಲ್ಲಿ ಕಟ್ಟೋದು): ಜೂನ್ 15ಕ್ಕೆ 15%, ಸೆಪ್ಟೆಂಬರ್ 15ಕ್ಕೆ 45%, ಡಿಸೆಂಬರ್ 15ಕ್ಕೆ 75%, ಮಾರ್ಚ್ 15ಕ್ಕೆ ಪೂರ್ತಿ. ಕೊಯ್ಲು ಮುಗಿದು ಮಾರಾಟದ ದುಡ್ಡು ಕೈಗೆ ಬರೋದು ಹೆಚ್ಚಾಗಿ ಕೊನೆ ಕಂತಿನ ಹೊತ್ತಿಗೆ. ಹಾಗಂತ ಮೊದಲ ಮೂರು ಕಂತು ಮರೆತರೆ ತಿಂಗಳಿಗೆ 1% ಬಡ್ಡಿ.

ದೊಡ್ಡವರ ದಾರಿ ಬೇರೆ. ಮನೆಯವರದೇ ಒಂದು ಕಂಪನಿ ಮಾಡಿ, ತೋಟದ ಚೆರಿಯನ್ನು ಅದಕ್ಕೆ ಪೇಟೆಗಿಂತ ಹೆಚ್ಚಿನ ಬೆಲೆಗೆ ಮಾರೋದು. ಲಾಭವೆಲ್ಲ ತೆರಿಗೆ ಇಲ್ಲದ ತೋಟದ ಕಡೆ ಜಾರುತ್ತೆ, ಕಂಪನಿಯ ಪುಸ್ತಕದಲ್ಲಿ ಚೂರು ಲಾಭ ಉಳಿಯುತ್ತೆ. ಇದಕ್ಕೇ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 40ಎ(2) ಇರೋದು: ಸಂಬಂಧಿಕರಿಗೆ ಕೊಟ್ಟ ಅತಿಯಾದ ಬೆಲೆಯನ್ನು ಖರ್ಚು ಅಂತ ಒಪ್ಪಲ್ಲ. ಹಿಡಿಯೋದು ಕಷ್ಟವೂ ಅಲ್ಲ. 50 ಕೆಜಿ ಚೆರಿ ಮೂಟೆಗೆ ಸುಮಾರು 26ರಿಂದ 28 ಕೆಜಿ ಕಾಫಿ ಬೀಜ ಸಿಗುತ್ತೆ. ಆ ಔಟ್‌ಟರ್ನ್ ಮೇಲೇ ಪೇಟೆ ಬೆಲೆ ಕಟ್ಟೋದು. ಅದೇ ವಾರದ ದರ ಪಕ್ಕದಲ್ಲಿಟ್ಟರೆ ಸಾಕು.

ಎರಡೆಕರೆ

ಅಡಿಕೆಯ ಸೊನ್ನೆ ಕಂಡ ಕೂಡಲೇ ರೈತರ ಮೇಲೆ ಹಾರಬೇಡಿ. ಖರ್ಚು ಕಳೆದು ಕೋಟಿ ಉಳಿಸೋ ಅಡಿಕೆಯವರು ಎಷ್ಟು ಜನ ಇದ್ದಾರು? ಕೊಳೆರೋಗ ಬಂದ ವರ್ಷದ ನಷ್ಟವನ್ನು ಬೇರೆ ಆದಾಯದ ಎದುರು ಕಳೆಯೋ ಹಾಗಿಲ್ಲ. ಗೊಬ್ಬರಕ್ಕೆ ಕೊಟ್ಟ 5% ಜಿಎಸ್‌ಟಿ ವಾಪಸ್ ಬರಲ್ಲ. ಎರಡೆಕರೆಯವನಿಗೂ ಇನ್ನೂರು ಎಕರೆಯವನಿಗೂ ಒಂದೇ ಸೊನ್ನೆ ಕೊಟ್ಟಿರೋದು ತಪ್ಪು, ಅದನ್ನು ಒಪ್ಪುತ್ತೇನೆ. ಹಾಗಂತ ಸೊನ್ನೆಯನ್ನೇ ಕಿತ್ತುಹಾಕೋದು ಬೇಡ, ಒಂದು ಮಿತಿ ಹಾಕಲಿ.

ಆ ಮಿತಿ ಹಾಕೋದು ದಿಲ್ಲಿಯ ಕೈಯಲ್ಲಿಲ್ಲ ಅನ್ನೋದನ್ನು ಬಹಳ ಜನ ಮರೀತಾರೆ. ಸಂವಿಧಾನದ ಕೇಂದ್ರ ಪಟ್ಟಿಯ 82ನೇ ನಮೂದು "ಕೃಷಿ ಆದಾಯ ಬಿಟ್ಟು" ಉಳಿದ ಆದಾಯದ ತೆರಿಗೆ. ಕೃಷಿ ಆದಾಯ ರಾಜ್ಯ ಪಟ್ಟಿಯ 46ನೇ ನಮೂದು. 1972ರಲ್ಲಿ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಸಮಿತಿ ಹಿಡುವಳಿಯ ಮೇಲೆ ತೆರಿಗೆ ಹಾಕುವ ವಿವರವಾದ ಸೂತ್ರವನ್ನೇ ಕೊಟ್ಟಿತ್ತು. ಅದನ್ನು ಹೊತ್ತುಕೊಂಡು ಹಳ್ಳಿಗೆ ಮತ ಕೇಳೋಕೆ ಹೋಗುವ ಧೈರ್ಯ ಯಾವ ರಾಜ್ಯಕ್ಕೂ ಬರಲಿಲ್ಲ.

ನನ್ನ ಸಿಟ್ಟಿರೋದು ಬೇಸಾಯ ಮಾಡದೆ ಕೃಷಿ ಆದಾಯ ತೋರಿಸುವವರ ಮೇಲೆ. ಕಮಿಷನ್ ದುಡ್ಡು, ಸೈಟ್ ವ್ಯಾಪಾರದ ಕಪ್ಪುಹಣ, ಎಲ್ಲ "ತೋಟದ್ದು" ಆಗಿಬಿಡುತ್ತೆ. ಸರಿಯಾಗಿ ಪರಿಶೀಲನೆ ಮಾಡದೆ ಇಂಥ ವಿನಾಯಿತಿ ಕೊಟ್ಟಿದ್ದನ್ನು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯೇ ಎತ್ತಿ ತೋರಿಸಿದೆ. ಈಗ ಕೃಷಿ ಆದಾಯ 5 ಲಕ್ಷ ದಾಟಿದರೆ ರಿಟರ್ನ್‌ನಲ್ಲಿ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲ ಬರೀಬೇಕು. ಅಧಿಕಾರಿ ಕೇಳೋದು ಸರಳ: ಪಹಣಿಯಲ್ಲಿ ಯಾವ ಬೆಳೆ ಇದೆ? ಮಂಡಿ ಪಟ್ಟಿ ಎಲ್ಲಿ? ಕೂಲಿ ಕೊಟ್ಟ ಲೆಕ್ಕ ಎಲ್ಲಿ? ಪಹಣಿಯಲ್ಲಿ ರಾಗಿ ಇದ್ದು, ರಿಟರ್ನ್‌ನಲ್ಲಿ ಎಕರೆಗೆ ಹತ್ತು ಲಕ್ಷ ಇದ್ದರೆ ಕಥೆ ಅಲ್ಲಿಗೆ ಮುಗೀತು. ಮೂಲ ತೋರಿಸಲಾಗದ ಹಣ ಅಂತಾದರೆ 2025-26ರ ಲೆಕ್ಕಕ್ಕೆ 60% ತೆರಿಗೆ, ಅದರ ಮೇಲೆ 25% ಸರ್‌ಚಾರ್ಜ್, 4% ಸೆಸ್: ನೂರಕ್ಕೆ 78 ಹೋಯಿತು. ದಂಡ ಬೇರೆ.

ಜಮೀನು ಮಾರಿದಾಗಲೂ ಇದೇ ಆಟ. ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯೇ ಅಲ್ಲ, ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಗ್ರಾಮೀಣ ಅಂದರೆ ಊರಿನ ಸ್ಥಳೀಯ ಸಂಸ್ಥೆಯ ಗಡಿಯಿಂದ ಇಷ್ಟು ದೂರ ಅಂತ: ಜನಸಂಖ್ಯೆ 10,000ದಿಂದ 1 ಲಕ್ಷ ಇದ್ದರೆ 2 ಕಿಮೀ ಆಚೆ, 10 ಲಕ್ಷದವರೆಗೆ 6 ಕಿಮೀ, ಅದರ ಮೇಲೆ 8 ಕಿಮೀ. ರಸ್ತೆಯಲ್ಲಿ ಅಳೆಯೋ ಹಾಗಿಲ್ಲ, ಹಕ್ಕಿ ಹಾರುವ ದಾರಿಯಲ್ಲೇ ಅಳೀಬೇಕು. ಬೆಂಗಳೂರಿನ ಸುತ್ತ ರಸ್ತೆ ಲೆಕ್ಕದಲ್ಲಿ 11 ಕಿಮೀ ಅಂತ ನಂಬಿ ನೋಟಿಸ್ ತಿಂದವರು ಇರೋದು ಇದರಿಂದಲೇ.

ಹಳೇ ಗೆಜೆಟ್

ಸಂಪತ್ತು ತೆರಿಗೆ ಬಗ್ಗೆ. 1957ರಲ್ಲಿ ಬಂತು, 2015ರ ಬಜೆಟ್‌ನಲ್ಲಿ ಹೋಯಿತು. ಹೋಗುವ ಹೊತ್ತಿಗೆ 30 ಲಕ್ಷ ಮೀರಿದ ನಿವ್ವಳ ಸಂಪತ್ತಿಗೆ 1%. 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ. ಆ ಅಂಕಿ ತೋರಿಸಿ "ನೋಡಿ, ವ್ಯರ್ಥ" ಅನ್ನುವವರು ಒಂದು ವಿಷಯ ಬಿಡುತ್ತಾರೆ. 1993ರಿಂದ ಆ ತೆರಿಗೆ ಷೇರು, ಬಾಂಡ್, ಬ್ಯಾಂಕ್ ಠೇವಣಿಯನ್ನು ಮುಟ್ಟುತ್ತಲೇ ಇರಲಿಲ್ಲ. ಲೆಕ್ಕಕ್ಕೆ ಬರುತ್ತಿದ್ದದ್ದು ಹೆಚ್ಚುವರಿ ಮನೆ, ಕಾರು, ಒಡವೆ, ನಗರದ ಖಾಲಿ ಜಮೀನು, ವಿಹಾರ ದೋಣಿ, 50,000 ಮೀರಿದ ನಗದು. ದೊಡ್ಡ ಕುಳಗಳ ಸಂಪತ್ತು ಇರೋದೇ ಕಂಪನಿಯ ಷೇರಿನಲ್ಲಿ. ಬಲೆಯ ತೂತಿನ ಅಳತೆ ಹಾಗಿದ್ದ ಮೇಲೆ ಮೀನು ಬೀಳಲಿಲ್ಲ ಅಂತ ಕೆರೆಯನ್ನು ದೂರಿ ಏನು ಪ್ರಯೋಜನ? ಹಳೇ ರೂಪದಲ್ಲೇ ವಾಪಸ್ ತಂದರೆ ಅಂತರ ಮುಚ್ಚಲ್ಲ.

ಬರೀ ದರ ಏರಿಸೋದೂ ಮದ್ದಲ್ಲ. 1970ರ ದಶಕದ ಆರಂಭದಲ್ಲಿ ಸರ್‌ಚಾರ್ಜ್ ಸೇರಿ 97.75%ವರೆಗೆ ಹೋಗಿತ್ತು. ಕಪ್ಪುಹಣ ಬೆಳೆಯೋಕೆ ಅದೂ ಕಾರಣ ಅಂತ ಕೇಂದ್ರ ನೇಮಿಸಿದ್ದ ವಾಂಛೂ ಸಮಿತಿ 75%ಕ್ಕೆ ಇಳಿಸಲು ಹೇಳಿತು.

ಶ್ರೀಮಂತರ ಲಾಭ ಅವರ ಸಾವಿನೊಂದಿಗೆ ತೆರಿಗೆಯಿಂದ ತಪ್ಪಿಹೋಗುತ್ತೆ ಅನ್ನೋ ಅಮೆರಿಕದ ವಾದವನ್ನು ಹಾಗೇ ಇಲ್ಲಿಗೆ ತರುವವರಿಗೆ ಇನ್ನೊಂದು ಮಾತು. ಅಲ್ಲಿ ವಾರಸುದಾರರಿಗೆ ಸಾವಿನ ದಿನದ ಬೆಲೆಯೇ ಹೊಸ ಅಸಲು. ಅಲ್ಲಿಯವರೆಗಿನ ಲಾಭ ಆದಾಯ ತೆರಿಗೆಯಿಂದ ಮಾಯ. ನಮ್ಮಲ್ಲಿ ಹಾಗಿಲ್ಲ, ಅಪ್ಪ ಕೊಂಡ ಬೆಲೆಯೇ ಮಗಳ ಅಸಲು. 2018ರ ಜನವರಿ 31ರವರೆಗೆ ಕೊಂಡ ಪಟ್ಟಿಯಾದ ಷೇರುಗಳಿಗೆ ಮಾತ್ರ ಆ ದಿನದ ಬೆಲೆಯ ರಿಯಾಯಿತಿ ಇದೆ. ಅಂದರೆ ಲಾಭ ಮಾಯವಾಗಲ್ಲ, ಮಾರುವವರೆಗೆ ಕಾಯುತ್ತೆ. ತೊಂದರೆ ಇರೋದು ಮಾರದೇ ಇರುವವರಲ್ಲಿ. ಷೇರು ಅಡವಿಟ್ಟು ಸಾಲ ತಂದರೆ ಆ ಸಾಲ ಆದಾಯ ಅಲ್ಲ. ಎಸ್ಟೇಟ್ ಡ್ಯೂಟಿ (ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ) 1985ರಲ್ಲೇ ಹೋಯಿತು. ಹಾಗಾಗಿ ಎರಡು ತಲೆಮಾರು ಮಾರದೆ ಕೂತರೆ ಎರಡು ತಲೆಮಾರೂ ತೆರಿಗೆ ಇಲ್ಲ.

ಗದ್ದೆಬದು

ಎಲ್ಲರಿಗೂ ಧನ್ಯವಾದ. @ಕಣದ ಕಾಫಿ, ಒಂದು ಬಾಕಿ ಉಳೀತು. ಆ ಒಂದು ಕೋಟಿಯ ತೋಟ ಅಪ್ಪನಿಗೆ, ವಯಸ್ಕರಾದ ಮೂರು ಮಕ್ಕಳಿಗೆ ಸಮ ಪಾಲಾದರೆ?

ಕಣದ ಕಾಫಿ

ತಲಾ 25 ಲಕ್ಷ. ಅದರಲ್ಲಿ ವ್ಯಾಪಾರದ ಪಾಲು 6.25, ಕೃಷಿ 18.75. 25 ಲಕ್ಷಕ್ಕೆ ತೆರಿಗೆ 3,30,000. 18.75 + 4 = 22.75 ಲಕ್ಷಕ್ಕೆ 2,68,750. ಕಳೆದರೆ 61,250. ಒಟ್ಟು ಆದಾಯ 6.25 ಲಕ್ಷ ಮಾತ್ರ, 12 ಲಕ್ಷದೊಳಗೆ ಬಂತು. ಸೆಕ್ಷನ್ 87ಎ ರಿಬೇಟ್ (ತೆರಿಗೆಯಲ್ಲೇ ಕಳೆಯುವ ರಿಯಾಯಿತಿ) 60,000 ಸಿಕ್ಕಿತು. ಉಳಿದದ್ದು 1,250, ಸೆಸ್ 50. ತಲಾ 1,300, ನಾಲ್ವರಿಗೂ ಸೇರಿ 5,200.

6,55,200 ಇದ್ದದ್ದು 5,200. ಎಲ್ಲೂ ಕಾನೂನು ಮುರಿದಿಲ್ಲ. 12 ಲಕ್ಷದೊಳಗಿನವರಿಗೆ ಅಂತ ಇಟ್ಟ ರಿಬೇಟ್‌ನಲ್ಲಿ ಕೃಷಿ ಆದಾಯ ಲೆಕ್ಕಕ್ಕೇ ಬರಲ್ಲ, ಹಾಗಾಗಿ ಎಸ್ಟೇಟ್ ಪಾಲುದಾರರೂ ಅದರೊಳಗೆ ನುಸುಳಬಹುದು. ತಿದ್ದಬೇಕಾದ ಮೊದಲ ಸಾಲು ಇದೇ ಅಂತ ನನ್ನ ಅಭಿಪ್ರಾಯ.

ಆದರೆ ಪಾಲು ನಿಜವಾಗಿರಬೇಕು. ನೋಂದಾಯಿತ ವಿಭಾಗ ಪತ್ರ ಅಥವಾ ದಾನಪತ್ರ, ನಾಲ್ವರ ಹೆಸರಲ್ಲೂ ಬೇರೆ ಬೇರೆ ಪಹಣಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೇರೆ ಬೇರೆ ಖಾತೆ, ಮಾರಾಟದ ದುಡ್ಡು ಅವರವರ ಬ್ಯಾಂಕಿಗೆ. ಹೆಂಡತಿಗೆ ಅಥವಾ ಅಪ್ರಾಪ್ತ ಮಕ್ಕಳಿಗೆ ದಾನ ಕೊಟ್ಟದ್ದಾದರೆ ಸೆಕ್ಷನ್ 64ರ ಪ್ರಕಾರ ಆ ಆದಾಯ ವಾಪಸ್ ಕೊಟ್ಟವರ ತಲೆಗೇ ಬರುತ್ತೆ. ಪಹಣಿ ನಾಲ್ಕಾಗಿ ಕಾಫಿ ಮಾತ್ರ ಅಪ್ಪನ ಒಂದೇ ಖಾತೆಯಲ್ಲಿ ಮಾರಾಟವಾಗಿ, ಮಾರ್ಚ್ ಕೊನೆಗೆ ಚೆಕ್ ಹಂಚಿದ್ದರೆ, ಪರಿಶೀಲನೆಯಲ್ಲಿ ಪೂರ್ತಿ ಕೋಟಿಯನ್ನು ಅಪ್ಪನದೇ ಅನ್ನುತ್ತಾರೆ.