ಗಾಜು ಅಂತ ಬರೆದ ದಿಂಬು

ಮನೆ ಬದಲಿಸಲು ಗೋಡೆಯಿಂದ ಪಟ ಇಳಿಸಿದ ಮೇಲೆ ನನಗೆ ಮೊದಲು ಕಂಡಿದ್ದು ಗೋಡೆ. ಪಟ ಇದ್ದಷ್ಟು ಚೌಕ ಮಾತ್ರ ಬೆಳ್ಳಗೆ, ಸುತ್ತಲೂ ಬೇರೆಯೇ ಬಣ್ಣ. "ಅಯ್ಯೋ, ಈ ಮನೆ ಇಷ್ಟು ಬೆಳ್ಳಗಿತ್ತಾ!" ಅಂತ ನಾನು ಬಾಯಿ ಬಿಟ್ಟು ನಿಂತಿದ್ದೆ. ಅಷ್ಟರಲ್ಲಿ ಸಹಾಯಕ್ಕೆಂದು ಬಂದ ಮೂವರು ನೆಲದ ಮೇಲೆ ಆರಾಮಾಗಿ ಕೂತಾಗಿತ್ತು. ಸಹಾಯ ಅಂದರೆ ಬರೀ ಬಾಯಿಯದು.

ಇವರಲ್ಲಿ ಒಬ್ಬನನ್ನು ನಾವು ಬೆಕ್ಕು ಅನ್ನುತ್ತೇವೆ, ಇಲ್ಲಿಯವರೆಗೆ ಸರಿಯಾಗಿ ಏಳು ಮನೆ ಸುತ್ತಿದ್ದಾನೆ. ಇನ್ನೊಬ್ಬ ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ, ಸಿಕ್ಕವರಿಗೆಲ್ಲ ಮಾಡುತ್ತಾನೆ ಅಷ್ಟೆ. ಮೂರನೆಯವಳು ಚಿತ್ರ ಬರೆಯುವವಳು. ಇಳಿಸಿದ ಪಟಗಳಲ್ಲಿ ಎರಡು ಅವಳದೇ ಕೈಕೆಲಸ, ಹಾಗಾಗಿ ಆ ಕೋಣೆಯಲ್ಲಿ ನಿಜವಾದ ಭಯ ಇದ್ದದ್ದು ಅವಳೊಬ್ಬಳಿಗೇ.

ನಾನು ಹಳೇ ಪೇಪರ್ ಕಟ್ಟಿಗೆ ಕೈ ಹಾಕಿದೆ.

"ಕೆಳಗಿಡು ಅದನ್ನ" ಎಂದಳು. "ಅದರ ಮಸಿ ನನ್ನ ಚಿತ್ರಕ್ಕೆ ಹತ್ತಿದರೆ ನಾಳೆ ಬೆಟ್ಟದ ಮೇಲೆ ಪಂದ್ಯದ ಸ್ಕೋರು ಉಲ್ಟಾ ಕಾಣುತ್ತೆ."

ಬೆಕ್ಕು ಬಬಲ್ ರ‍್ಯಾಪ್ ಸುರುಳಿ ತೊಡೆ ಮೇಲಿಟ್ಟುಕೊಂಡು ಟಪ್ ಟಪ್ ಅಂತ ಗುಳ್ಳೆ ಒಡೆಯುತ್ತಿದ್ದ. ಒಂದು ಪಟಕ್ಕೆ ಆಗುವಷ್ಟು ಗುಳ್ಳೆ ಆಗಲೇ ಸತ್ತಿತ್ತು. ಒಡೆಯುತ್ತಲೇ ಕೇಳಿದ, "ಗುಳ್ಳೆ ಒಳಗೆ ಬರಬೇಕೋ ಹೊರಗೋ?"

ಈ ಒಂದು ಪ್ರಶ್ನೆಗೆ ಅರ್ಧ ಗಂಟೆ ಹೋಯಿತು. ಮೇಷ್ಟ್ರು ಒಳಗೆ ಅಂದ, ನಾನು ಹೊರಗೆ ಅಂದೆ, ಸುಮ್ನೆ, ಅವನು ಒಳಗೆ ಅಂದನಲ್ಲ ಅಂತ. ಕೊನೆಗೆ ಅವಳೇ ಹೇಳಿದಳು. ಗಾಜಿಲ್ಲದ ಕ್ಯಾನ್ವಾಸಿಗೆ ಪ್ಲಾಸ್ಟಿಕ್ ನೇರವಾಗಿ ತಾಗಲೇಬಾರದಂತೆ. ಎಣ್ಣೆ ಬಣ್ಣ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒಣಗಲು ತಿಂಗಳುಗಟ್ಟಲೆ ಬೇಕು, ಅಕ್ರಿಲಿಕ್ ಬಣ್ಣವೋ ಸೆಕೆಗೆ ಮೆತ್ತಗಾಗುತ್ತೆ. ಒತ್ತಿ ಸುತ್ತಿದರೆ ಗುಳ್ಳೆಗಳ ಅಚ್ಚು ಸಾಲಾಗಿ ಮೂಡುತ್ತೆ. ಮೊದಲು ಗ್ಲಾಸೀನ್ ಅನ್ನೋ ನುಣುಪು ಕಾಗದ, ಅದರ ಮೇಲೆ ಪಟಕ್ಕಿಂತ ಸ್ವಲ್ಪ ದೊಡ್ಡ ರಟ್ಟು, ಆಮೇಲೆ ಬಬಲ್ ರ‍್ಯಾಪ್, ಗುಳ್ಳೆ ಹೊರಗೆ.

"ನಾನು ಹೇಳಲಿಲ್ವಾ?" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೇಷ್ಟ್ರಿಗೆ ಈಗ ಸೋಲು ತೀರಿಸಿಕೊಳ್ಳಬೇಕಿತ್ತು. ಮಾಸ್ಕಿಂಗ್ ಟೇಪ್ ತಗೊಂಡು ಇನ್ನೊಂದು ಪಟದ ಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಂಟಿಸತೊಡಗಿದ. ಹೀಗೆ ಮಾಡಿದರೆ ಗಾಜು ಗಟ್ಟಿಯಾಗುತ್ತೆ, ಒಡೆಯೋ ಮಾತೇ ಇಲ್ಲ ಅಂತ ಹತ್ತು ನಿಮಿಷ ಪಾಠ ಆಯಿತು.

"ಗಟ್ಟಿ ಏನೂ ಆಗಲ್ಲ ಕಣೋ" ಎಂದಳು ಅವಳು. "ಒಡೆಯೋದು ಒಡೆದೇ ಒಡೆಯುತ್ತೆ. ಚೂರುಗಳು ಉದುರಿ ಚಿತ್ರವನ್ನ ಗೀರದೆ ಟೇಪಿಗೇ ಕಚ್ಚಿಕೊಂಡಿರಲಿ ಅಂತ ಅಷ್ಟೆ. ಮತ್ತೆ ಚೌಕಟ್ಟಿನ ಮೇಲೆ ಅಂಟಿಸಬೇಡ, ಚಿನ್ನದ ಬಣ್ಣ ಕಿತ್ತು ಬರುತ್ತೆ." ಹಾಗನ್ನುತ್ತಲೇ ಉಗುರಿನಿಂದ ಒಮ್ಮೆ ಕುಟ್ಟಿದಳು. ಗಾಜಾದರೆ ಟಿಣ್ ಅನ್ನಬೇಕು. ಇದು ಟಕ್ ಅಂತು, ಡಬ್ಬಿ ಮುಚ್ಚಳದ ಹಾಗೆ. "ಇದು ಅಕ್ರಿಲಿಕ್ ಶೀಟು. ಎತ್ತಿ ನೋಡು, ಗಾಜಿನ ಅರ್ಧ ತೂಕವೂ ಇಲ್ಲ. ಇದು ಚೂರಾಗಲ್ಲ, ಗೀರು ಬೀಳುತ್ತೆ. ಇದಕ್ಕೆ ಟೇಪು ಹಚ್ಚಿ ಅಂಟು ಮಾಡಿದ್ದೀಯ."

ಮೇಷ್ಟ್ರು ಮರುಮಾತಿಲ್ಲದೆ ಟೇಪು ಬಿಡಿಸಲು ಕೂತ. ಆ ಹೊತ್ತು ಮನೆ ಎಷ್ಟು ಶಾಂತವಾಗಿತ್ತು ಅಂತೀರಿ!

ಆಮೇಲೆ ಮಲಗಿಸುವುದೋ ನಿಲ್ಲಿಸುವುದೋ ಅನ್ನೋ ಜಗಳ. ಮಲಗಿಸಿದರೆ ಬೀಳುವ ಭಯ ಇಲ್ಲ ಅಲ್ವಾ, ಎಂದು ನಾನಂದೆ. ಬೆಕ್ಕು ಆವತ್ತು ಮೊದಲ ಸಲ ಗುಳ್ಳೆ ಒಡೆಯುವುದು ನಿಲ್ಲಿಸಿದ.

"ಮಾರಾಯ, ನನ್ನ ಎರಡನೇ ಮನೆಯಲ್ಲಿ ಹಾಗೇ ಅಂದುಕೊಂಡಿದ್ದೆ. ಗಾಡಿ ಹಳ್ಳಕ್ಕೆ ಬಿದ್ದಾಗೆಲ್ಲ ಮಲಗಿಸಿದ ಗಾಜು ಮಧ್ಯದಲ್ಲಿ ಬಾಗುತ್ತೆ. ಸಾಲದ್ದಕ್ಕೆ ಚಪ್ಪಟೆ ಜಾಗ ಕಂಡರೆ ಜನ ಬಿಡ್ತಾರಾ, ಅದರ ಮೇಲೊಂದು ಮಿಕ್ಸಿ ಇಟ್ಟರು. ಪುಸ್ತಕದ ಹಾಗೆ ನಿಲ್ಲಿಸಬೇಕು. ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ನಡುವೆ ರಟ್ಟು. ಮೂರನೇ ಮನೆಗೆ ಹೋಗುವಾಗ ನಿಲ್ಲಿಸಿದೆ, ಆದರೆ ಒಂದರ ಮುಖಕ್ಕೆ ಇನ್ನೊಂದರ ಬೆನ್ನು. ಹಿಂದಿನ ಕೊಕ್ಕೆ ನನ್ನ ಫೋಟೊ ಮೇಲೆ ಆಡಿ ಆಡಿ, ಸರಿಯಾಗಿ ಮೂಗಿನ ನೇರಕ್ಕೆ ಗೀರು. ಈಗಲೂ ಹಾಗೇ ಇದೆ."

"ಮೊದಲೇ ಹಾಗಿತ್ತು, ಗೀರು ಸುಮ್ನೆ ನೆಪ" ಎಂದ ಮೇಷ್ಟ್ರು, ಟೇಪಿನ ಅಂಟು ಉಜ್ಜುತ್ತಾ.

ಎಲ್ಲ ಸುತ್ತಿ, ಮೂಲೆಗಳಿಗೆ ಮಡಚಿದ ರಟ್ಟು ಕೂರಿಸಿದೆವು. ಏಟು ಬೀಳುವುದೇ ಮೂಲೆಗೆ ತಾನೆ. ಡಬ್ಬದೊಳಗೆ ಸುತ್ತಲೂ ನಾಲ್ಕೈದು ಸೆಂಟಿಮೀಟರ್ ಜಾಗ ಬಿಟ್ಟು ಅದಕ್ಕೆ ಮೆತ್ತನೆಯದು ತುರುಕಿ ಅಲ್ಲಾಡಿಸಿದರೆ ಲೊಟ ಲೊಟ ಅಂತು. ಇನ್ನಷ್ಟು ತುರುಕಿ ಮತ್ತೆ ಅಲ್ಲಾಡಿಸಿದೆವು, ಸದ್ದಿಲ್ಲ. ಎಲ್ಲರಿಗೂ ಹೆಮ್ಮೆ. ಕಾರಿಗೆ ಒಯ್ದು ನೋಡಿದರೆ ಡಬ್ಬ ಬಾಗಿಲಲ್ಲೇ ನಿಂತಿತು! ನಾನು ಅಳತೆ ತೆಗೆದಿದ್ದು ಬರೀ ಪಟದ್ದು.

ಮೇಷ್ಟ್ರಿಗೆ ಮತ್ತೆ ಜೀವ ಬಂತು. "ಇದೇನು ಮಹಾ, 1939ರಲ್ಲಿ ಯುದ್ಧ ಬಂತು ಅಂತ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಿಂದ ಚಿತ್ರಗಳನ್ನ ಹೊರಗೆ ಸಾಗಿಸಿದರು ಗೊತ್ತಾ? ಜೆರಿಕೋ ಅನ್ನೋ ಚಿತ್ರಕಾರ 1819ರಲ್ಲಿ ಮುಗಿಸಿದ ಮೆಡೂಸಾ ಹಡಗಿನವರ ತೆಪ್ಪದ ಚಿತ್ರ, ಹತ್ತಿರ ಹತ್ತಿರ 5 ಮೀಟರ್ ಎತ್ತರ, 7 ಮೀಟರ್ ಅಗಲ. ಗಾಡಿ ಮೇಲೆ ನಿಲ್ಲಿಸಿಕೊಂಡು ಹೊರಟರು. ವರ್ಸೇಲ್ಸ್ ಊರಲ್ಲಿ ಟ್ರ್ಯಾಮಿನ ತಂತಿಗೆ ಸಿಕ್ಕಿಕೊಂಡು ಕಿಡಿ ಹಾರಿತು."

"ಅಂದ್ರೆ ಅವರೂ ಬರೀ ಪಟದ ಅಳತೆ ತೆಗೆದಿದ್ದರು" ಎಂದ ಬೆಕ್ಕು. ನನಗೆ ಸಮಾಧಾನವಾಯಿತು.

ನಾವು ಕಾರಿನ ಹತ್ತಿರ ಒದ್ದಾಡುವಾಗ ಬೆಕ್ಕು ಮೇಲೆ ಹೋಗಿ ಒಂದು ಉಪಕಾರ ಮಾಡಿದ. ದಪ್ಪ ಪೆನ್ನಿನಲ್ಲಿ ಇದ್ದಬದ್ದ ಎಲ್ಲ ಡಬ್ಬಗಳ ಮೇಲೂ "ಗಾಜು, ಜೋಪಾನ" ಅಂತ ಬರೆದ. ಎಲ್ಲಕ್ಕೂ ಸಮಾನ ಮರ್ಯಾದೆ ಸಿಗಲಿ ಅಂತ. ಸಾಮಾನು ಹೊರುವವರು ಬಂದರು. ಮೊದಲನೆಯವರು ಒಂದು ಡಬ್ಬವನ್ನು ಮಗು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿದರು. ತೂಕವೇ ಇಲ್ಲ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು, ಡಬ್ಬ ಒಳಕ್ಕೆ ಹೋಯಿತು. ಒಂದು ಸಲ ನಮ್ಮ ಮುಖ ನೋಡಿದರು. ದಿಂಬು.

ಆಮೇಲೆ ಅವರು ಯಾವ ಗಾಜನ್ನೂ ನಂಬಲಿಲ್ಲ. ಎರಡನೇ ಡಬ್ಬ ಗಾಳಿಯಲ್ಲಿ ಹಾರಿ ಕೆಳಗಿನವರ ಕೈ ಸೇರಿತು. ಮೂರನೆಯದಕ್ಕೆ ಅವರು ಕೈ ಚಾಚುವಷ್ಟರಲ್ಲಿ ಅವಳು ಓಡಿ ಹೋಗಿ ಅಡ್ಡ ನಿಂತಳು. ಅದು ಅವಳ ಬೆಟ್ಟ. ಡಬ್ಬದಿಂದ ಹೊರತೆಗೆದು, ಕಾರಿನ ಹಿಂದಿನ ಸೀಟಿನಲ್ಲಿ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ದಾರಿಯುದ್ದಕ್ಕೂ ಹಾಗೇ ಕೂತಿದ್ದಳು. ದೊಡ್ಡದು ಲಾರಿಯಲ್ಲಿ ಎರಡು ಹಾಸಿಗೆಗಳ ನಡುವೆ ನಿಂತುಕೊಂಡು ಬಂತು, ಹಗ್ಗ ಕಟ್ಟಿಸಿಕೊಂಡು.

ಹೊಸ ಮನೆಗೆ ಬಂದು ಎಲ್ಲ ಬಿಚ್ಚಿ ನೋಡಿದೆವು. ಒಂದಕ್ಕೂ ಒಂದು ಗೀರಿಲ್ಲ. ಬೆಟ್ಟ ಎಲ್ಲಿ ತೂಗು ಹಾಕಬೇಕು ಅಂತ ಮತ್ತೆ ಅರ್ಧ ಗಂಟೆ ಜಗಳವಾಡಿ, ಗೋಡೆ ಮೇಲೆ ಗುರುತು ಮಾಡಿ, ಮೊಳೆ ಹಿಡಿದುಕೊಂಡು ನಾನು ಸ್ಟೂಲ್ ಹತ್ತಿದೆ.

"ಸುತ್ತಿಗೆ ಕೊಡ್ರೋ."

ಮೂವರೂ ತಿರುಗಿ ನೋಡಿದರು. ಗೋಡೆಯುದ್ದಕ್ಕೂ ಇಪ್ಪತ್ತಾರು ಡಬ್ಬ. ಎಲ್ಲದರ ಮೇಲೂ ಗಾಜು, ಜೋಪಾನ.