ಬಟ್ಟೆಯ ಥಾನಿನ ಮೇಲೆ ಅಂಟಿಸುತ್ತಿದ್ದ ಚಿತ್ರಕ್ಕೆ ಏನಂತೀರಿ? ‘ಪಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಹಳೇ ಅಚ್ಚಿನ ಚಿತ್ರಗಳನ್ನು ಇಂಟರ್‌ನೆಟ್‌ನಲ್ಲಿ ಹುಡುಕಿ ಕೂಡಿಡುವ ಹುಚ್ಚು ನನಗೆ. ಕಡ್ಡಿಪೆಟ್ಟಿಗೆ ಮೇಲಿನ ಹುಲಿ, ನಾಟಕ ಕಂಪನಿಗಳ ಹ್ಯಾಂಡ್‌ಬಿಲ್, ಕ್ಯಾಲೆಂಡರಿನ ಸರಸ್ವತಿ, ಎಲ್ಲವೂ ಬೇಕು. ಒಂದೊಂದರ ಕೆಳಗೂ ಕನ್ನಡದಲ್ಲೇ ಹೆಸರು ಬರೆದಿಡುತ್ತೇನೆ. ಈಗ ಒಂದು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊನ್ನೆ ಸಿಕ್ಕಿದ್ದು ಬಟ್ಟೆಯ ಥಾನಿಗೆ ಅಂಟಿಸುತ್ತಿದ್ದ ಬಣ್ಣದ ಕಾಗದ. ಕಮಲದ ಮೇಲೆ ಲಕ್ಷ್ಮಿ, ಸುತ್ತ ಬಂಗಾರದ ಅಂಚು, ಪಾದದ ಕೆಳಗೆ ಇಂಗ್ಲಿಷಿನಲ್ಲಿ ಮ್ಯಾಂಚೆಸ್ಟರ್ ಅಂತ. ಅಲ್ಲಿಯ ವ್ಯಾಪಾರಿಗಳು ನಮ್ಮ ದೇಶಕ್ಕೆ ಬಟ್ಟೆ ಕಳಿಸುವಾಗ ಇಂಥವನ್ನು ಅಂಟಿಸುತ್ತಿದ್ದರು. ಬಣ್ಣಕ್ಕೊಂದು ಕಲ್ಲು ಇಟ್ಟು ಅಚ್ಚು ಹಾಕುತ್ತಿದ್ದ ಕಾಲ ಅದು. ಓದಲು ಬಾರದವರೂ ಚಿತ್ರ ನೋಡಿ ತಮ್ಮ ಬಟ್ಟೆ ಗುರುತು ಹಿಡಿಯಬಹುದಿತ್ತು. ಮ್ಯಾಂಚೆಸ್ಟರಿನವರು ಇದಕ್ಕೆ ‘ಶಿಪ್ಪರ್ಸ್ ಟಿಕೆಟ್’ ಅನ್ನುತ್ತಿದ್ದರು. ನಾವು?

ಫೋನಿನಲ್ಲಿ ಅಜ್ಜಿಗೆ ತೋರಿಸಿದೆ. ಕಣ್ಣ ಹತ್ತಿರ ಹಿಡಿದು ನೋಡಿ, “ಇದು ಪಟ ಅಲ್ಲೇನೋ? ಇಂಥದ್ದಕ್ಕೇ ಕಟ್ಟು ಹಾಕ್ಸಿ ದೇವರ ಜಗಲಿ ಮ್ಯಾಲೆ ಇಟ್ಟಿದ್ವಿ” ಅಂದಳು. ಕಡ್ಡಿಪೆಟ್ಟಿಗೆಯ ಹುಲಿ ತೋರಿಸಿದೆ. “ಅದು ಬರೇ ಚಿತ್ರ.” ಕ್ಯಾಲೆಂಡರಿನ ಸರಸ್ವತಿ? “ಕತ್ತರಿಸಿ ಕಟ್ಟು ಹಾಕ್ಸಿದ್ರೆ ಪಟ.” ನಮ್ಮಪ್ಪ ಮಾತ್ರ ಎಲ್ಲಕ್ಕೂ ‘ದೇವರ ಫೋಟೋ’ ಅಂತಾರೆ, ಕೈಯಲ್ಲಿ ಬರೆದದ್ದಕ್ಕೂ.

ಸಂಸ್ಕೃತದ ‘ಪಟ’ ಮೊದಲು ಬಟ್ಟೆ. ಆಮೇಲೆ ಬಟ್ಟೆ ಮೇಲೆ ಬರೆದ ಚಿತ್ರಕ್ಕೂ ಅದೇ ಹೆಸರಾಯಿತು. ಹಡಗಿನ ಪಟ, ಗಾಳಿಪಟ, ಭೂಪಟ ಎಲ್ಲ ನಮಗೆ ಗೊತ್ತಿರೋದೇ. ಥಾನಿಂದ ಬಿಡಿಸಿದ ಕಾಗದಕ್ಕೆ ಅಜ್ಜಿ ಪಟ ಅಂದಾಗ ನನಗೆ ಮೈ ಜುಮ್ಮೆಂದಿತು. ಆದರೆ ಬಟ್ಟೆಯ ನಂಟಿನಿಂದ ಅವಳು ಹಾಗಂದಳು ಅಂತ ನಾನು ಹೇಳಲಾರೆ. ಅವಳ ಲೆಕ್ಕದಲ್ಲಿ ಕಟ್ಟು ಹಾಕಿಸಿ ಹೂವು ಏರಿಸುವಂಥದ್ದು ಪಟ, ಅಷ್ಟೇ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರದು. ರವಿವರ್ಮರ ಅಚ್ಚುಕೂಟ ಬೊಂಬಾಯಿಯಲ್ಲಿ ಶುರುವಾದದ್ದೂ ಅದೇ ವರ್ಷ. ಅಚ್ಚಿನ ದೇವರು ಮನೆಮನೆಗೆ ಬಂದದ್ದು ಆಮೇಲೆ. ಹಾಗಾಗಿ ಈ ಅರ್ಥಕ್ಕೆ ನಿಘಂಟಿಗಿಂತ ಅಜ್ಜಿಯರ ಮಾತನ್ನೇ ನಾನು ಜಾಸ್ತಿ ನಂಬುತ್ತೇನೆ.

ಹಾಗಂತ ಜಗಲಿ ಏರುವ ಮೊದಲು, ಇನ್ನೂ ಥಾನಿನ ಮೇಲೇ ಇದ್ದಾಗ ಅದನ್ನು ಏನಂತಿದ್ದರು? ನಮ್ಮೂರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತಲೇ ಹೆಸರಿತ್ತು. ಗಿರಣಿಯಲ್ಲಿ, ಜವಳಿ ಅಂಗಡಿಯಲ್ಲಿ ದುಡಿದವರ ಬಾಯಲ್ಲಿ ಒಂದು ಪದ ಇದ್ದೇ ಇರಬೇಕು ಅಲ್ವಾ? ‘ಛಾಪು’ ಅಂದರೆ ನನಗೆ ಒತ್ತಿದ ಮುದ್ರೆ ನೆನಪಾಗುತ್ತದೆ, ಅಂಟಿಸಿದ ಕಾಗದ ಅಲ್ಲ. ‘ಚೀಟಿ’ ಅಂದರೆ ರೇಟು ಬರೆದದ್ದು. ಸುಮ್ನೆ ‘ಲೇಬಲ್’ ಅಂತ ಬರೆದುಬಿಡಲು ಮನಸ್ಸಿಲ್ಲ.

ಮನೆಯಲ್ಲಿ ಗಿರಣಿ ಕೆಲಸ ಮಾಡಿದ ಹಿರಿಯರಿದ್ದರೆ ದಯವಿಟ್ಟು ಕೇಳಿ ಹೇಳಿ. ಇನ್ನೊಂದು: ತೀರಿಕೊಂಡ ಹಿರಿಯರ ಫೋಟೋಗೂ ನಿಮ್ಮ ಕಡೆ ‘ಪಟ’ ಅಂತಾರಾ, ಇಲ್ಲಾ ಅದು ದೇವರಿಗೆ ಮಾತ್ರವಾ?